ಒಂದು ಪತ್ರ, ಎರಡು ರಿಪೋರ್ಟು

ಕಳೆದ ಶನಿವಾರ ಪೂರ್ತಿ ಒಂದು ಹಳೇ ಕೋರ್ಟ್ ತೀರ್ಪು ಓದ್ತಾ ಕೂತಿದ್ದೆ. ವೀಕೆಂಡಿನಲ್ಲಿ ಮಾಡೋಕೆ ಬೇರೆ ಕೆಲಸ ಇಲ್ವಾ ಅಂತ ರೂಮ್‌ಮೇಟ್ ನಕ್ಕ. ಶುರು ಮಾಡಿದ್ದು ಬರೀ ಕುತೂಹಲಕ್ಕೆ. ಇಂಟರ್ನೆಟ್ಟು, ಇಮೇಲು ಯಾವುದೂ ಇಲ್ಲದ ಕಾಲದಲ್ಲಿ ಸ್ವೀಡನ್ನಿನಲ್ಲೋ ಅಮೆರಿಕದಲ್ಲೋ ಇರುವ ಗಂಡ-ಹೆಂಡತಿ ಭಾರತದ ಮಗುವೊಂದನ್ನು ದತ್ತು ತಗೋಬೇಕು ಅಂದ್ರೆ ಯಾರನ್ನು ಕೇಳುತ್ತಿದ್ದರು? ಆ ಮಗುವಿನ ಬಗ್ಗೆ ಅವರಿಗೆ ಏನು ಗೊತ್ತಾಗುತ್ತಿತ್ತು?

ಮೊದಲು ಕಾನೂನಿನ ಕಥೆ. 1956ರ ಹಿಂದೂ ದತ್ತಕ ಕಾಯ್ದೆಯಲ್ಲಿ ದತ್ತು ತೆಗೆದುಕೊಳ್ಳಬಹುದಾದವರು ಹಿಂದೂಗಳು (ಬೌದ್ಧ, ಜೈನ, ಸಿಖ್ಖರೂ ಸೇರಿ) ಮಾತ್ರ. ಹಾಗಾಗಿ ವಿದೇಶೀಯರಿಗೆ ಉಳಿದಿದ್ದು ಬ್ರಿಟಿಷರ ಕಾಲದ, ಅಂದರೆ 1890ರ ಪೋಷಕರು ಮತ್ತು ಪಾಲ್ಯರ ಕಾಯ್ದೆ. ಕೋರ್ಟು ಅವರನ್ನು ಮಗುವಿನ ಪೋಷಕರು ಅಂತ ನೇಮಿಸುತ್ತಿತ್ತು. ಅವರು ಮಗುವನ್ನು ತಮ್ಮ ದೇಶಕ್ಕೆ ಕರೆದುಕೊಂಡು ಹೋಗಿ ಅಲ್ಲಿನ ಕಾನೂನಿನ ಪ್ರಕಾರ ದತ್ತು ಪಡೆಯುತ್ತಿದ್ದರು. ಎಲ್ಲರಿಗೂ ಅನ್ವಯಿಸುವ ದತ್ತು ಕಾನೂನು ಮಾಡೋಣ ಅಂತ 1972ರಲ್ಲಿ ಒಂದು, 1980ರಲ್ಲಿ ಇನ್ನೊಂದು ಮಸೂದೆ ಬಂತು. ಎರಡೂ ಕಾಯ್ದೆಯಾಗಲಿಲ್ಲ.

ಹೀಗಾಗಿ ಮಧ್ಯದಲ್ಲಿದ್ದ ಸಂಸ್ಥೆ ಏನು ಹೇಳುತ್ತದೋ ಅದೇ ಮಾಹಿತಿ. ಒಳ್ಳೆಯ ಸಂಸ್ಥೆ ಸಿಕ್ಕಿದರೆ ಪುಣ್ಯ, ಇಲ್ಲದಿದ್ದರೆ...

1982ರಲ್ಲಿ ಲಕ್ಷ್ಮೀಕಾಂತ್ ಪಾಂಡೆ ಎಂಬ ವಕೀಲರು ಸುಪ್ರೀಂ ಕೋರ್ಟಿಗೆ ಒಂದು ಪತ್ರ ಬರೆದರು. ವಿದೇಶಿ ಪತ್ರಿಕೆಯೊಂದರ ವರದಿ ಆಧರಿಸಿದ ಪತ್ರ ಅದು. ದತ್ತಿನ ಹೆಸರಿನಲ್ಲಿ ಅಕ್ರಮ ನಡೆಯುತ್ತಿದೆ, ಮಕ್ಕಳು ದೂರದ ಪ್ರಯಾಣದಲ್ಲಿ ನರಳುತ್ತಿದ್ದಾರೆ, ಹೋದ ಮೇಲೂ ಕೆಲವರು ಬೀದಿಪಾಲಾಗುತ್ತಿದ್ದಾರೆ ಅನ್ನುವುದು ಅದರ ಸಾರಾಂಶ. ಕೋರ್ಟು ಆ ಪತ್ರವನ್ನೇ ರಿಟ್ ಅರ್ಜಿ ಅಂತ ತಗೊಂಡಿತು! 1984ರ ಫೆಬ್ರವರಿ 6ರಂದು ನ್ಯಾಯಮೂರ್ತಿ ಪಿ.ಎನ್. ಭಗವತಿ ತೀರ್ಪು ಬರೆದರು.

ಕಾನೂನು ಇಲ್ಲದ ಕಡೆ ಕಾನೂನಿನ ಕೆಲಸ ಮಾಡಿದ ತೀರ್ಪು ಅದು. ಮೊದಲ ಆದ್ಯತೆ ಭಾರತದಲ್ಲೇ ಇರುವ ಕುಟುಂಬಗಳಿಗೆ. ವಿದೇಶಿ ದಂಪತಿ ನೇರವಾಗಿ ಬಂದು ಮಗು ಕೇಳುವ ಹಾಗಿಲ್ಲ, ಅವರ ದೇಶದ ಮಾನ್ಯತೆ ಪಡೆದ ಸಂಸ್ಥೆಯ ಮೂಲಕವೇ ಅರ್ಜಿ ಬರಬೇಕು. ಜೊತೆಗೆ ಎರಡು ರಿಪೋರ್ಟುಗಳು. ಒಂದು ಹೋಮ್ ಸ್ಟಡಿ: ದಂಪತಿಯ ಸಂಬಂಧ ಹೇಗಿದೆ, ಭಾರತದ ಮಗುವೇ ಯಾಕೆ ಬೇಕು, ಮನೆಯಲ್ಲಿ ಈಗಾಗಲೇ ಇರುವ ಮಕ್ಕಳು ಏನಂತಾರೆ, ಆದಾಯ ಎಷ್ಟು... ಇನ್ನೊಂದು ಚೈಲ್ಡ್ ಸ್ಟಡಿ: ಮಗುವಿನ ಆರೋಗ್ಯ, ಬೆಳವಣಿಗೆ, ಹೆತ್ತವರ ವಿವರ, ಫೋಟೋ.

ಇಲ್ಲಿಗೆ ಬಂದಾಗ ನನಗೆ ಖುಷಿಯಾಗಿತ್ತು. ಅಬ್ಬಾ, ಕೊನೆಗೂ ಮಾಹಿತಿಗೆ ಒಂದು ರೂಪ ಬಂತಲ್ಲ ಅಂತ. ಆದರೆ ಅದೇ ತೀರ್ಪಿನ ಇನ್ನೊಂದು ಮಾತು ಇಡೀ ವಾರ ತಲೆಯಲ್ಲಿ ಕೊರೆಯುತ್ತಿದೆ. ದತ್ತು ಪಡೆದವರು ಯಾರು ಅಂತ ಹೆತ್ತವರಿಗೆ ತಿಳಿಯಬಾರದು. ಮಗು ದೊಡ್ಡದಾಗಿ ತನ್ನ ಹೆತ್ತವರ ಬಗ್ಗೆ ಕೇಳಿದರೆ? ಹೇಳುವುದಕ್ಕೆ ಅಂಥಾ ಅಭ್ಯಂತರವಿಲ್ಲ, ಆದರೆ ಹೇಳುವುದು ಬಿಡುವುದು ಸಾಕಿದವರ ವಿವೇಚನೆಗೆ ಬಿಟ್ಟಿದ್ದು!

ಅಂದರೆ ಕೋರ್ಟಿಗೆ ಮಾಹಿತಿ ಸಿಕ್ಕಿತು, ತಂದೆ-ತಾಯಿಗೆ ಸಿಕ್ಕಿತು, ಸಂಸ್ಥೆಗಳಿಗೆ ಸಿಕ್ಕಿತು. ಯಾರ ಕಥೆಯೋ ಅವರಿಗೆ ಮಾತ್ರ ಅದು ಹಕ್ಕಾಗಲಿಲ್ಲ.

ತೀರ್ಪಿಗೆ ಆ ಕಾಲದ ಕಾರಣವಿತ್ತು ಅನ್ನೋದು ಗೊತ್ತು. ಮದುವೆಯಾಗದೆ ತಾಯಿಯಾದ ಹೆಣ್ಣಿನ ಹೆಸರು ಹೊರಬಿದ್ದರೆ ಊರು ಸುಮ್ಮನಿರುತ್ತಿತ್ತಾ? ಅವಳನ್ನು ಕಾಪಾಡಬೇಕಿತ್ತು. ಆದರೆ ಗುಟ್ಟಾಗಿ ಇಡುವುದು ಬೇರೆ, ಬರೆದೇ ಇಡದಿರುವುದು ಬೇರೆ. ಸಾಫ್ಟ್‌ವೇರ್ ಕೆಲಸದಲ್ಲಿರುವವರಿಗೆ ಇದು ಬೇಗ ಅರ್ಥವಾಗುತ್ತೆ. ಲಾಕ್ ಮಾಡಿದ ಡೇಟಾವನ್ನು ಯಾವತ್ತಾದರೂ ತೆರೆಯಬಹುದು. ಮೊದಲ ದಿನ ಎಂಟ್ರಿಯೇ ಮಾಡದ ಡೇಟಾವನ್ನು ಯಾವ ಕ್ವೆರಿ ಹಾಕಿದರೂ ತರೋಕಾಗಲ್ಲ.

ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಮತ್ತು ಥುರ್ಗಾವ್ ಪ್ರಾಂತ್ಯಗಳಿಗೆ 1973ರಿಂದ 2002ರವರೆಗೆ ಹೋದ ಭಾರತೀಯ ಮಕ್ಕಳ ಬಗ್ಗೆ 2024ರಲ್ಲಿ ಒಂದು ಸಂಶೋಧನಾ ಪುಸ್ತಕ ಬಂತು. ಅದರ ಜರ್ಮನ್ ಹೆಸರಿನ ಅರ್ಥ ‘ತಾಯಿ ಯಾರೆಂದು ತಿಳಿದಿಲ್ಲ’. ಸಂಶೋಧಕರು ನೋಡಿದ ಕಡತಗಳಲ್ಲಿ ಹೆತ್ತವರ ಒಪ್ಪಿಗೆ ಪತ್ರಗಳೇ ಇರಲಿಲ್ಲ.

ಆಮೇಲೆ ನಿಯಮಗಳು ಬದಲಾದವು, ನಿಜ. 1990ರಲ್ಲಿ ಕಾರಾ ಎಂಬ ಕೇಂದ್ರ ಸಂಸ್ಥೆ ಬಂತು. 1993ರ ಹೇಗ್ ದತ್ತು ಒಪ್ಪಂದವನ್ನು ಭಾರತ 2003ರಲ್ಲಿ ಅನುಮೋದಿಸಿತು. ಈಗಿನ ನಿಯಮಗಳಲ್ಲಿ ಕುಟುಂಬಕ್ಕೆ ಆಸರೆಯೂ ಇದೆ. ಎರಡು ವರ್ಷ ಮಗುವಿನ ಪ್ರಗತಿ ವರದಿ ಬರಬೇಕು. ವಿದೇಶಿ ಸಂಸ್ಥೆಗಳು ವರ್ಷಕ್ಕೊಮ್ಮೆ ಭಾರತ ಮೂಲದ ಮಕ್ಕಳು ಮತ್ತು ಅವರ ಮನೆಯವರನ್ನು ಒಂದು ಕಡೆ ಸೇರಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, 18 ತುಂಬಿದವರು ತಮ್ಮ ಮೂಲ ಹುಡುಕಲು ತಾವೇ ಅರ್ಜಿ ಹಾಕಬಹುದು. ಹೆತ್ತವರು ಬೇಡ ಅಂದರೂ, ಸಿಗದೇ ಹೋದರೂ, ಯಾವ ಪರಿಸ್ಥಿತಿಯಲ್ಲಿ ಮಗುವನ್ನು ಒಪ್ಪಿಸಿದರು ಅನ್ನುವುದನ್ನಾದರೂ ತಿಳಿಸಬೇಕು.

1984ರಲ್ಲಿ ಕೈಗೂಸಾಗಿ ವಿಮಾನ ಹತ್ತಿದವರಿಗೆ ಈಗ ನಲವತ್ತು ದಾಟಿದೆ. ಯಾರೋ ಒಬ್ಬರು ಈ ನಿಯಮ ನಂಬಿಕೊಂಡು ಅರ್ಜಿ ಹಾಕುತ್ತಾರೆ. ಹಕ್ಕು ಅವರ ಕೈಯಲ್ಲೇ ಇದೆ. ಬೀರು ತೆಗೆದು ಕಡತ ಬಿಚ್ಚಿದರೆ ತಾಯಿಯ ಹೆಸರಿನ ಜಾಗ ಖಾಲಿ...

ಒಂದು ಪತ್ರದಿಂದ ಇಷ್ಟೆಲ್ಲಾ ಶುರುವಾಯಿತು. ಆ ತಾಯಂದಿರ ಕೈಯಲ್ಲೂ ಆಗ ಯಾರಾದರೂ ಒಂದು ಪತ್ರ ಬರೆಸಿ, ಕವರಿಗೆ ಹಾಕಿ, ಅಂಟಿಸಿ ಇಟ್ಟಿದ್ದರೆ ಸಾಕಿತ್ತು ಅನ್ನಿಸುತ್ತೆ.