ಮದ್ದಿನ ತೂಕ

ಕಾಯಿಲೆಗೆ ಕೊಡುವುದಕ್ಕೂ ಕೋವಿಗೆ ತುಂಬುವುದಕ್ಕೂ ಕನ್ನಡದಲ್ಲಿ ಒಂದೇ ಹೆಸರು: ಮದ್ದು. ನಮ್ಮ ದಖನಿ ಮಾತಿನಲ್ಲೂ ಹಾಗೆಯೇ. ‘ದವಾ-ದಾರೂ’ ಎಂದಾಗ ಔಷಧಿಯಾಗಿರುವ ದಾರೂ, ‘ದಾರೂಗೋಲಾ’ ಎಂದಾಗ ಮದ್ದುಗುಂಡಾಗುತ್ತದೆ. ಎರಡಕ್ಕೂ ಪ್ರಮಾಣವೇ ಪ್ರಾಣ. ಕಡಿಮೆಯಾದರೆ ನಾಟುವುದಿಲ್ಲ, ಹೆಚ್ಚಾದರೆ ಕೊಟ್ಟವನ ಕೈಗೇ ಬರುತ್ತದೆ. ಇಂಗ್ಲಿಷರ ಔಷಧಿ ಅಂಗಡಿಯ ತಕ್ಕಡಿಗೂ ಬಂದೂಕಿನ ಮದ್ದು ತೂಗುವ ತಕ್ಕಡಿಗೂ ಒಂದೇ ಅಳತೆಯಿತ್ತು, ಗ್ರೇನ್. ಬಾರ್ಲಿಯ ಕಾಳಿನಿಂದ ಹುಟ್ಟಿದ ಈ ತೂಕ ಒಂದು ಪೌಂಡಿನ 7000ದಲ್ಲಿ ಒಂದು ಪಾಲು. ನಮ್ಮ ಅಕ್ಕಸಾಲಿಗರ ಗುಲಗಂಜಿಯ ಹೆಚ್ಚುಕಡಿಮೆ ಅರ್ಧ.

ಇಷ್ಟು ಉದ್ದದ ನಳಿಗೆಗೆ, ಇಷ್ಟು ತೂಕದ ಗುಂಡಿಗೆ ಎಷ್ಟು ಮದ್ದು ಹಾಕಿದರೆ ಗುಂಡು ಇಟ್ಟ ಗುರಿಗೆ ಹೋಗುತ್ತದೆ? ಈ ಸಣ್ಣ ಪ್ರಶ್ನೆಯ ಹಿಂದೆ ಹಲವು ಶತಮಾನಗಳ ಚರಿತ್ರೆಯಿದೆ. ಅದರ ಒಂದೆರಡು ಪುಟಗಳು ನಮ್ಮ ನೆಲಕ್ಕೂ ಸೇರಿವೆ.

ಹದಿಮೂರನೆಯ ಶತಮಾನದ ಸಿರಿಯಾದಲ್ಲಿ ಹಸನ್ ಅಲ್-ರಮ್ಮಾಹ್ ಎಂಬವರಿದ್ದರು. ಕುದುರೆ ಸವಾರಿ ಮತ್ತು ಯುದ್ಧತಂತ್ರದ ಬಗ್ಗೆ ಅವರು ಬರೆದ ಅರಬ್ಬಿ ಗ್ರಂಥದಲ್ಲಿ ಮದ್ದಿನ ಮಿಶ್ರಣಗಳ ದೊಡ್ಡ ಪಟ್ಟಿಯೇ ಇದೆ. ಉಪ್ಪುಸಾರವನ್ನು, ಅಂದರೆ ಪೆಟ್ಲುಪ್ಪನ್ನು, ಕಟ್ಟಿಗೆಯ ಬೂದಿಯ ನೆರವಿನಿಂದ ಶುದ್ಧಿ ಮಾಡುವ ಕ್ರಮವನ್ನೂ ಅವರು ಬರೆದಿಟ್ಟರು. ಆದರೆ ಮಿಶ್ರಣ ಗೊತ್ತಾದ ಮಾತ್ರಕ್ಕೆ ಪ್ರಮಾಣ ಗೊತ್ತಾಗುವುದಿಲ್ಲ. ಮುಂದೆ ನಾಲ್ಕೈದು ನೂರು ವರ್ಷ ಲೋಕದ ಎಲ್ಲ ತೋಪುಖಾನೆಗಳೂ ರೂಢಿಯನ್ನೇ ನೆಚ್ಚಿಕೊಂಡವು. ಗುಂಡಿನ ತೂಕದ ಅರ್ಧದಷ್ಟು ಮದ್ದು ಎಂದು ಒಬ್ಬ ಉಸ್ತಾದ್ ಹೇಳಿದರೆ ಮೂರರಲ್ಲಿ ಎರಡು ಪಾಲು ಎಂದು ಇನ್ನೊಬ್ಬ ಹೇಳುತ್ತಿದ್ದ. ಗುಂಡು ಎಷ್ಟು ವೇಗದಲ್ಲಿ ಹೊರಟಿತು ಎಂದು ಅಳೆಯುವ ದಾರಿಯೇ ಇಲ್ಲದಿದ್ದಾಗ ಇಬ್ಬರಲ್ಲಿ ಯಾರು ಸರಿ ಎಂದು ಹೇಳುವುದು ಹೇಗೆ?

ಆ ದಾರಿಯನ್ನು ಕಂಡುಕೊಟ್ಟವನು ಬೆಂಜಮಿನ್ ರಾಬಿನ್ಸ್. 1707ರಲ್ಲಿ ಇಂಗ್ಲೆಂಡಿನ ಬಾತ್ ಪಟ್ಟಣದಲ್ಲಿ ಹುಟ್ಟಿದವನು. ತಂದೆತಾಯಿ ಕ್ವೇಕರ್ ಪಂಥದವರು, ಯುದ್ಧವನ್ನೇ ಪಾಪವೆಂದು ನಂಬಿದವರು. ಅವರ ಮಗ ಬಂದೂಕಿನ ಗಣಿತಕ್ಕೆ ಅಡಿಪಾಯ ಹಾಕಿದ. 1742ರಲ್ಲಿ ಅವನು ಪ್ರಕಟಿಸಿದ ಪುಸ್ತಕದಲ್ಲಿ ಒಂದು ಸರಳ ಸಾಧನದ ವಿವರಣೆಯಿದೆ. ಭಾರವಾದ ಮರದ ದಿಮ್ಮಿಯೊಂದನ್ನು ತೊಟ್ಟಿಲಿನಂತೆ ತೂಗುಹಾಕಿ ಅದಕ್ಕೆ ಗುಂಡು ಹೊಡೆಯುವುದು. ಗುಂಡು ಮರದೊಳಗೆ ಹೂತುಕೊಳ್ಳುತ್ತದೆ, ದಿಮ್ಮಿ ಹಿಂದಕ್ಕೆ ತೂಗುತ್ತದೆ. ಅದಕ್ಕೆ ಕಟ್ಟಿದ ರಿಬ್ಬನ್ನು ಎಷ್ಟು ಉದ್ದ ಎಳೆದುಬಂತೆಂದು ನೋಡಿದರೆ ತೂಗಿದ ದೂರ ತಿಳಿಯುತ್ತದೆ. ದಿಮ್ಮಿಯ ತೂಕ, ಗುಂಡಿನ ತೂಕ ಮತ್ತು ತೂಗಿದ ದೂರದಿಂದ ಗುಂಡಿನ ವೇಗವನ್ನು ಲೆಕ್ಕಹಾಕಬಹುದು. ಸೆಕೆಂಡಿಗೆ ಸುಮಾರು 1,700 ಅಡಿ ಓಡುವ ಸೀಸದ ಗುಂಡನ್ನು ಅವನು ಒಂದು ಮರದ ತುಂಡಿನಿಂದ ಹಿಡಿದು ನಿಲ್ಲಿಸಿ ಮಾತನಾಡಿಸಿದ.

ಗಾಳಿಯ ತಡೆ ಆವರೆಗೆ ಪಂಡಿತರು ಎಣಿಸಿದ್ದಕ್ಕಿಂತ ಎಷ್ಟೋ ಪಾಲು ಹೆಚ್ಚು ಎಂಬುದು ಈ ಪ್ರಯೋಗಗಳಿಂದ ಹೊರಬಿತ್ತು. ಮಹಾ ಗಣಿತಜ್ಞ ಆಯ್ಲರ್ 1745ರಲ್ಲಿ ಈ ಪುಸ್ತಕವನ್ನು ಟಿಪ್ಪಣಿಗಳೊಂದಿಗೆ ಜರ್ಮನ್ ಭಾಷೆಗೆ ತಂದ. 1746ರಲ್ಲಿ ರಾಯಲ್ ಸೊಸೈಟಿ ರಾಬಿನ್ಸ್‌ಗೆ ಕಾಪ್ಲಿ ಪದಕ ಕೊಟ್ಟಿತು. ಒಳಗೆ ಸುರುಳಿ ಗೀರುಗಳಿರುವ ನಳಿಗೆಯನ್ನು, ಅಂದರೆ ರೈಫಲನ್ನು, ಯಾವ ದೇಶ ಮೊದಲು ಚೆನ್ನಾಗಿ ಅರಿತು ಬಳಸುತ್ತದೋ ಆ ದೇಶದ ಸೈನ್ಯ ಉಳಿದವರನ್ನು ಮೀರಿಸುತ್ತದೆ ಎಂದೂ ಅವನು ಹೇಳಿದ್ದ. ವುಲಿಚ್‌ನಲ್ಲಿ ಚಾರ್ಲ್ಸ್ ಹಟನ್ ಅದೇ ತೂಗುದಿಮ್ಮಿಯನ್ನು ಫಿರಂಗಿಗಳಿಗೂ ಹೊಂದಿಸಿದ. ಮದ್ದು ಹೆಚ್ಚಿಸುತ್ತ ಹೋದಂತೆ ವೇಗ ಒಂದು ಮಿತಿಯವರೆಗೆ ಮಾತ್ರ ಏರುತ್ತದೆ, ಆ ಮಿತಿ ಒಂದೊಂದು ನಳಿಗೆಗೆ ಒಂದೊಂದು, ಅದರಾಚೆ ಸುರಿದ ಮದ್ದು ದಂಡ ಎಂದು ತೋರಿಸಿಕೊಟ್ಟ.

ರಾಬಿನ್ಸ್‌ನ ಕೊನೆಯಾದದ್ದು ನಮ್ಮ ದಕ್ಷಿಣದಲ್ಲೇ. ಈಸ್ಟ್ ಇಂಡಿಯಾ ಕಂಪನಿ ತನ್ನ ಕೋಟೆಗಳನ್ನು ಭದ್ರಪಡಿಸಲು ಅವನನ್ನು ಇಂಜಿನಿಯರಾಗಿ ನೇಮಿಸಿತ್ತು. 1750ರಲ್ಲಿ ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಗೆ ಬಂದಿಳಿದ. ಮರುವರ್ಷ ಜುಲೈ 29ರಂದು ಜ್ವರದಿಂದ ಅಲ್ಲಿಯೇ ತೀರಿಕೊಂಡ. ಆಗ ಹೈದರ್ ಅಲಿ ಮೈಸೂರಿನ ಸೈನ್ಯದಲ್ಲಿ ಇನ್ನೂ ಮೇಲೇರುತ್ತಿದ್ದ ಕಾಲ.

ಮೈಸೂರಿನವರಿಗೂ ಅದೇ ಪ್ರಶ್ನೆ ಎದುರಾಗಿತ್ತು, ಬೇರೆ ರೂಪದಲ್ಲಿ. ಯುರೋಪಿನ ಬಾಣಗಳಿಗೆ ಕಾಗದದ ಕೊಳವೆ. ಒತ್ತಡ ಹೆಚ್ಚಾದರೆ ಸೀಳಿಹೋಗುತ್ತಿತ್ತು. ಮೈಸೂರಿನ ಕಮ್ಮಾರರು ಕಬ್ಬಿಣದ ಕೊಳವೆ ಮಾಡಿದರು. ಅದರೊಳಗೆ ಮದ್ದನ್ನು ಬಿಗಿಯಾಗಿ ಜಡಿದು ತುಂಬಬಹುದಿತ್ತು. ಟಿಪ್ಪುವಿನ ಕಾಲದ ಸೈನ್ಯದ ಕೈಪಿಡಿ ‘ಫತ್‌ಹುಲ್ ಮುಜಾಹಿದೀನ್’ ಪ್ರಕಾರ ಒಂದೊಂದು ಕುಶೂನ್ ದಳಕ್ಕೂ 200 ಮಂದಿ ಬಾಣಗಾರರು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಕೆಲವು ಬಾಣಗಳು ವುಲಿಚ್‌ಗೆ ಹೋದವು. ಅಲ್ಲಿ ವಿಲಿಯಂ ಕಾಂಗ್ರೀವ್ ತನ್ನ ಪ್ರಯೋಗ ಶುರುಮಾಡಿದಾಗ ಲಂಡನ್ನಿನಲ್ಲಿ ಸಿಗುತ್ತಿದ್ದ ಅತಿ ದೊಡ್ಡ ಬಾಣಗಳೇ 500-600 ಗಜಕ್ಕಿಂತ ಮುಂದೆ ಹೋಗಲಿಲ್ಲ. ಮೈಸೂರಿನವು ಸಾವಿರ ಗಜ ಹೋಗುತ್ತಿದ್ದವೆಂದು ಅವನೇ ಬಲ್ಲ. ಅವನು ಮಿಶ್ರಣ ಬದಲಿಸಿದ, ಕೊಳವೆ ಬದಲಿಸಿದ, ಪ್ರತಿಯೊಂದನ್ನೂ ಬರೆದಿಟ್ಟ. 1806ರಲ್ಲಿ ಬುಲೋನ್, 1807ರಲ್ಲಿ ಕೋಪನ್‌ಹೇಗನ್ ಅವನ ಬಾಣಗಳಿಗೆ ಉರಿದವು. ಈ ಪಯಣವನ್ನು ವಿಜ್ಞಾನಿ ರೊದ್ದಂ ನರಸಿಂಹ ಅವರು 1985ರ ತಮ್ಮ ಪ್ರಬಂಧವೊಂದರಲ್ಲಿ ವಿವರವಾಗಿ ದಾಖಲಿಸಿದ್ದಾರೆ.

ರಾಬಿನ್ಸ್‌ನ ಪ್ರಶ್ನೆ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಸೈನ್ಯದ ಅಂಗಳ ದಾಟಿ ಸಾಮಾನ್ಯ ಗುರಿಕಾರರ ಮನೆಗೆ ಬಂತು. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಲ್ ಹೊಗೆಯಿಲ್ಲದ ಮದ್ದನ್ನು ಸಿದ್ಧಪಡಿಸಿದ್ದ. ಹಿತ್ತಾಳೆಯ ತೋಟೆಗಳು ಬಂದಿದ್ದವು. ಹೊಡೆದ ತೋಟೆಯ ಖಾಲಿ ಚಿಪ್ಪನ್ನು ಎಸೆಯದೆ, ಅದಕ್ಕೆ ಹೊಸ ಕೇಪು ಕೂರಿಸಿ, ಮದ್ದು ತೂಗಿ ಹಾಕಿ, ಗುಂಡು ಸಿಕ್ಕಿಸಿ ಮತ್ತೆ ಬಳಸುವುದು ಅಮೆರಿಕದಲ್ಲಿ ಒಂದು ಹವ್ಯಾಸವಾಯಿತು. ಹಾಗೆ ತುಂಬುವವರಲ್ಲಿ ಮ್ಯಾಸಚೂಸೆಟ್ಸ್‌ನ ಮಿಲ್ಫರ್ಡ್ ಊರಿನ ಡಾಕ್ಟರ್ ಫ್ರಾಂಕ್ಲಿನ್ ಮನ್ ಒಬ್ಬರು. ಓದಿದ್ದು ವೈದ್ಯಕೀಯ, ಆದರೆ ಆಯುಷ್ಯದ ಬಹುಪಾಲು ಕಳೆದದ್ದು ಇನ್ನೊಂದು ಮದ್ದಿನ ಜೊತೆ.

ಮನ್ ಅವರಿಗೆ ಕಾಡಿದ ಸಂಶಯ ಇದು: ಗುಂಡು ಗುರಿ ತಪ್ಪಿದರೆ ತಪ್ಪು ಹೊಡೆದವನದೋ, ತೋಟೆಯದೋ? ಮನುಷ್ಯನನ್ನೇ ಲೆಕ್ಕದಿಂದ ಹೊರಗಿಡಲು ಅವರು ನೆಲಕ್ಕೆ ಭದ್ರವಾಗಿ ಕೂರಿಸಿದ ಆಧಾರದ ಮೇಲೆ ಇಂಗ್ಲಿಷಿನ ‘ವಿ’ ಆಕಾರದ ತೋಡು ಮಾಡಿಸಿ, ನಳಿಗೆಯನ್ನು ಅದರಲ್ಲಿಟ್ಟು ಹೊಡೆದರು. ಕೈಯ ನಡುಕವಿಲ್ಲ, ಕಣ್ಣಿನ ದೋಷವಿಲ್ಲ. ಆದರೂ ಗುಂಡುಗಳು ಒಂದೇ ತೂತಿನಲ್ಲಿ ಹೋಗಲಿಲ್ಲ. ದಾರಿಯುದ್ದಕ್ಕೂ ಕಾಗದದ ಪರದೆ ಕಟ್ಟಿ ಗುಂಡಿನ ಹೆಜ್ಜೆಗುರುತು ಹಿಡಿದರು. ಗುಂಡಿನ ಬುಡ ಸೊಟ್ಟಗಾಗುವುದು, ತೂಕ ಒಂದು ಬದಿಗೆ ವಾಲುವುದು, ಹೀಗೆ ಒಂದೊಂದೇ ಕಾರಣ ಪತ್ತೆಯಾಯಿತು. ಕಾರಣ ಸಿಗದೆ ಉಳಿದದ್ದಕ್ಕೆ ‘ಎಕ್ಸ್ ದೋಷ’ ಎಂದು ಹೆಸರಿಟ್ಟು ಅದನ್ನೂ ಬರೆದರು. 1909ರಲ್ಲಿ ಅವರ ಪುಸ್ತಕ ಬಂತು.

ಮುಂದೆ ಕ್ರೈಟನ್ ಆಡೆಟ್ ಎಂಬ ಅಮೆರಿಕನ್ ಗುರಿಕಾರ ಒಂದು ಏಣಿಯ ವಿಧಾನ ಹೇಳಿಕೊಟ್ಟ. ಚಿಪ್ಪು, ಕೇಪು, ಗುಂಡು ಎಲ್ಲವೂ ಒಂದೇ. ಮದ್ದು ಮಾತ್ರ ಒಂದು ತೋಟೆಯಿಂದ ಇನ್ನೊಂದಕ್ಕೆ ಗ್ರೇನಿನ ಒಂದು ಪುಟ್ಟ ಅಂಶದಷ್ಟು ಏರುತ್ತದೆ. ಎಲ್ಲವನ್ನೂ ದೂರದ ಒಂದೇ ಗುರಿಗೆ ಕ್ರಮವಾಗಿ ಹೊಡೆದು ಯಾವ ತೂತು ಯಾವ ತೋಟೆಯದೆಂದು ಗುರುತು ಹಾಕಿಕೊಳ್ಳಬೇಕು. ವೇಗ ಹೆಚ್ಚಿದಂತೆ ತೂತುಗಳು ಏಣಿಯ ಮೆಟ್ಟಿಲಿನಂತೆ ಮೇಲೇರುತ್ತವೆ. ನಡುವೆ ಎಲ್ಲೋ ಮೂರುನಾಲ್ಕು ತೂತುಗಳು ಒಂದೇ ಮಟ್ಟದಲ್ಲಿ ಗುಂಪಾದರೆ, ಅಲ್ಲಿ ಮದ್ದು ಕೊಂಚ ಹೆಚ್ಚುಕಡಿಮೆಯಾದರೂ ಗುರಿ ಕೆಡುವುದಿಲ್ಲ, ಅದೇ ಸರಿಯಾದ ಪ್ರಮಾಣ ಎಂಬುದು ತರ್ಕ. ಗುಂಡು ಹಾರಿದಾಗ ನಳಿಗೆ ಮೀಟಿದ ತಂತಿಯಂತೆ ಕಂಪಿಸುತ್ತದೆ, ಆ ಕಂಪನದ ಅನುಕೂಲದ ಗಳಿಗೆಯಲ್ಲಿ ಗುಂಡು ಹೊರಬೀಳುತ್ತದೆ ಎಂದು ಇದಕ್ಕೆ ವಿವರಣೆ ಕೊಡುತ್ತಾರೆ.

ಇತ್ತೀಚೆಗೆ ಸಂಖ್ಯಾಶಾಸ್ತ್ರ ಬಲ್ಲವರು ಇದನ್ನೂ ಪ್ರಶ್ನಿಸಿದ್ದಾರೆ. ಅದೇ ಏಣಿಯನ್ನು ಎರಡನೆಯ ಸಲ, ಮೂರನೆಯ ಸಲ ಹೊಡೆದು ನೋಡಿದರೆ ಗುಂಪು ಬೇರೆ ಕಡೆ ಕಾಣಿಸಿಕೊಳ್ಳುವುದುಂಟು. ಮೂರು ಗುಂಡು ಒಂದೆಡೆ ಬೀಳುವುದು ಬರೀ ಆಕಸ್ಮಿಕವಾಗಿರಬಹುದು. ಮನುಷ್ಯನ ಕಣ್ಣಿಗೆ ಇಲ್ಲದ ಚಿತ್ರ ಕಾಣುವ ಚಟ. ನಿಜವಾದ ಹರಹು ತಿಳಿಯಬೇಕಾದರೆ ಇಪ್ಪತ್ತು, ಮೂವತ್ತು ಸಲ ಹೊಡೆಯುವ ತಾಳ್ಮೆ ಬೇಕು. ಒಂದು ಬಂದೂಕಿನ ಗುಣ ಹೇಳಲಿಕ್ಕೇ ಇಷ್ಟು ಸಾಕ್ಷಿ ಬೇಕು. ನಾವಾದರೋ ಎರಡು ಘಟನೆ ಕೇಳಿ ಒಂದು ಜಾತಿಯ, ಒಂದು ಕೋಮಿನ, ಒಂದು ಊರಿನ ಗುಣ ಹೇಳಿಬಿಡುತ್ತೇವೆ.

ರಾಬಿನ್ಸ್, ಹಟನ್, ಕಾಂಗ್ರೀವ್, ಮನ್ ಇವರೆಲ್ಲರ ಹೆಸರು ಉಳಿದದ್ದು ಅವರು ಬರೆದಿಟ್ಟ ಕಾರಣಕ್ಕೆ. ತಪ್ಪಿದ ಗುಂಡನ್ನೂ ಬರೆದರು. ಅವರ ಅಳತೆ ಯಾರ ಎದೆಗೆ ಗುರಿಯಿಟ್ಟಿತು ಎಂಬುದು ಬೇರೆ ಲೆಕ್ಕ; ಅದಕ್ಕೆ ಯಾವ ತಕ್ಕಡಿಯೂ ಉತ್ತರ ಹೇಳುವುದಿಲ್ಲ. ಆದರೆ ಬರೆದಿಟ್ಟ ವಿದ್ಯೆ ಒಬ್ಬನ ಸಾವಿನೊಂದಿಗೆ ಸಾಯಲಿಲ್ಲ. ನಮ್ಮ ಕಮ್ಮಾರರದು, ಮದ್ದು ಅರೆಯುವವರದು ಕೈಯ ವಿದ್ಯೆ. ಬೆರಳಿಗೆ ತಿಳಿದದ್ದು ಕಾಗದಕ್ಕೆ ಇಳಿಯಲಿಲ್ಲ, ಇಳಿಸುವ ಅಕ್ಷರ ಅವರಲ್ಲಿ ಬಹುಪಾಲು ಜನರಿಗೆ ಯಾರೂ ಕಲಿಸಿರಲೂ ಇಲ್ಲ.

2018ರಲ್ಲಿ ಹೊಸನಗರ ತಾಲ್ಲೂಕಿನ ನಗರದಲ್ಲಿ ಒಂದು ಪಾಳುಬಾವಿ ಅಗೆದಾಗ ತುಕ್ಕು ಹಿಡಿದ ಸಾವಿರಕ್ಕೂ ಹೆಚ್ಚು ಬಾಣಗಳು ಸಿಕ್ಕವು. ಬಾವಿಯ ಮಣ್ಣಿಗೆ ಮದ್ದಿನ ವಾಸನೆಯಿತ್ತಂತೆ. ಇನ್ನೂರು ವರ್ಷಗಳ ಮೇಲೂ ಕಬ್ಬಿಣದ ಕೊಳವೆಯ ಉದ್ದವನ್ನು ನಾವು ಅಳೆಯಬಹುದು, ಒಳಗಿನ ಮದ್ದನ್ನು ಪ್ರಯೋಗಶಾಲೆಗೆ ಕಳಿಸಬಹುದು. ಇಷ್ಟು ಸಾಕು ಎಂದು ಕೈ ತಡೆದು ನಿಲ್ಲಿಸಿದವರ ಹೆಸರು ಮಾತ್ರ ಯಾವ ದಫ್ತರದಲ್ಲೂ ಕಾಣುವುದಿಲ್ಲ.