ಶ್ರವಣಮಾರ್ಗದ ಸಂಧಿಗಳು

ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯೇ ಮೊದಲಾದ ಸಂಸ್ಕೃತ ವಿದ್ಯಾಸ್ಥಾನಗಳಲ್ಲಿ ವ್ಯಾಸಂಗಮಾಡಲ್ಪಡುತ್ತಿದ್ದ ತರ್ಕಶಾಸ್ತ್ರದಲ್ಲಿ ಶಬ್ದಪ್ರಸಾರವನ್ನು ಕುರಿತು ಸೂಕ್ಷ್ಮವಾದ ಮತವೊಂದುಂಟು. ಭೇರಿಯಲ್ಲಿ ಹುಟ್ಟಿದ ಶಬ್ದವೇ ಕಿವಿಗೆ ಬರುವುದಿಲ್ಲ. ಅದು ತನ್ನಂತಹ ಮತ್ತೊಂದನ್ನು ಹುಟ್ಟಿಸಿ ತಾನು ನಾಶಹೊಂದುವುದು. ವೀಚೀತರಂಗನ್ಯಾಯದಿಂದ ಹೀಗೆ ಮುಂದುವರಿದ ಪರಂಪರೆಯಲ್ಲಿ ಕಡೆಯದೊಂದೇ ಶ್ರೋತ್ರಕ್ಕೆ ಗೋಚರವಾಗುವುದು. ಕನ್ನಡದಲ್ಲಿ 13ನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ನಾಭಿಮೂಲದಿಂದ ಶಬ್ದವು ಹುಟ್ಟುವ ಕ್ರಮವನ್ನು ನಿರೂಪಿಸಿದನು. ತಾರ್ಕಿಕರು ಪ್ರಸಾರವನ್ನೂ ವೈಯಾಕರಣನು ಉತ್ಪತ್ತಿಯನ್ನೂ ಹೇಳಿದಂತಾಯಿತು. ಕಿವಿಯನ್ನು ಹೊಕ್ಕಮೇಲೆ ಅದರ ಗತಿಯೇನೆಂಬ ಪ್ರಶ್ನೆಗೆ ಉತ್ತರವು ದೊರೆತುದು ಈಚೆಗೆ.

19ನೆಯ ಶತಮಾನದ ಕೊನೆಯಲ್ಲಿ ಯೂರೋಪಿನ ಪಂಡಿತರೊಳಗೆ ಒಂದು ವಿವಾದವಿತ್ತು. ನರಗಳೆಲ್ಲವೂ ಒಂದೇ ಅಖಂಡಜಾಲವೆಂದು ಇಟಲಿಯ ಗಾಲ್ಜಿಯೂ, ಒಂದೊಂದು ನರಕೋಶವೂ ಪ್ರತ್ಯೇಕವೆಂದು ಸ್ಪೇಯಿನಿನ ಕಹಾಲನೂ ವಾದಿಸಿದರು. 1906ರಲ್ಲಿ ನೊಬೆಲ್ ಪಾರಿತೋಷಕವು ಇಬ್ಬರಿಗೂ ಸೇರಿ ಬಂದಿತು. ಕೋಶಗಳು ಕೂಡುವ ಸ್ಥಾನಕ್ಕೆ ಇಂಗ್ಲೆಂಡಿನ ಷೆರಿಂಗ್ಟನ್ 1897ರಲ್ಲಿ ಗ್ರೀಕ್ ಮೂಲದ ಹೆಸರನ್ನಿಟ್ಟನು, ಅದೇ ಸಿನಾಪ್ಸ್. ಇದನ್ನು ನರಸಂಧಿಯೆನ್ನಬಹುದು. ಆದರೆ ವ್ಯಾಕರಣದ ಸಂಧಿಯಲ್ಲಿ ಅಕ್ಷರಗಳು ಎಡೆಯಿಲ್ಲದೆ ಕೂಡುವುವು. ಇಲ್ಲಿಯಾದರೋ ಅತಿಸೂಕ್ಷ್ಮವಾದ ಎಡೆಯು ಉಳಿದೇ ಇರುವುದು. 1950ರ ದಶಕದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವು ಆ ಎಡೆಯನ್ನು ಪ್ರತ್ಯಕ್ಷವಾಗಿ ತೋರಿಸಿ ಕಹಾಲನ ಪಕ್ಷವನ್ನು ಸ್ಥಾಪಿಸಿತು.

ಮಾನವನ ಒಂದೊಂದು ಕಿವಿಯಲ್ಲಿಯೂ ಸುಮಾರು 3,500 ಒಳ ರೋಮಕೋಶಗಳಿವೆ. ನಾದದ ಕಂಪನದಿಂದ ಅವುಗಳ ರೋಮಗಳು ಬಾಗಲು, ಕೋಶದೊಳಕ್ಕೆ ಕ್ಯಾಲ್ಸಿಯಂ ಪ್ರವೇಶಿಸುವುದು. ಒಡನೆಯೇ ಸಣ್ಣ ಕೋಶಿಕೆಗಳಿಂದ ಗ್ಲುಟಮೇಟ್ ಎಂಬ ದ್ರವ್ಯವು ಹೊರಬಿದ್ದು, ಎಡೆಯನ್ನು ದಾಟಿ, ಶ್ರವಣನರದಲ್ಲಿ ಹೊಸದೊಂದು ಸಂಕೇತವನ್ನು ಹುಟ್ಟಿಸುವುದು. ಮೆದುಳಿನ ಕಾಂಡದಿಂದ ಮಸ್ತಿಷ್ಕದ ಹೊರಪದರದವರೆಗೆ ಸಂಧಿಸಂಧಿಯಲ್ಲಿಯೂ ಹಿಂದಿನದು ಮುಗಿದು ಮುಂದಿನದು ಹುಟ್ಟುವುದು. ಜರ್ಮನಿಯ ಹೆಲ್ಡ್ 1893ರಲ್ಲಿ ವರ್ಣಿಸಿದ ಬಟ್ಟಲಿನಾಕಾರದ ಮಹಾಸಂಧಿಯು ಈ ಮಾರ್ಗದಲ್ಲಿಯೇ ಇದ್ದು, ಎರಡು ಕಿವಿಗಳ ಸಂಕೇತಗಳನ್ನು ಹೋಲಿಸಿ ಧ್ವನಿಯ ದಿಕ್ಕನ್ನರಿಯುವುದಕ್ಕೆ ಸಹಾಯಕವಾಗಿದೆ. ಹೆಲ್ಡನು ಅಖಂಡಜಾಲವಾದಿಯಾಗಿದ್ದುದು ಗಮನಾರ್ಹ. ತಾರ್ಕಿಕರ ಪರಂಪರಾವಾದಕ್ಕೂ ಇದಕ್ಕೂ ಇರುವ ಸಾದೃಶ್ಯವು ಯುಕ್ತಿಯದು ಮಾತ್ರ. ನರದ ವಿಷಯವನ್ನು ಪ್ರಾಚೀನರು ಅರಿತಿದ್ದರೆಂದು ಸಾಧಿಸಹೊರಡುವುದು ಸಾಧುವಲ್ಲ.

ಈ ವಿಚಾರವು ಕೇವಲ ಪಾಂಡಿತ್ಯದ್ದಲ್ಲ. 1978ರಲ್ಲಿ ಕೆಂಪ್ ಎಂಬ ಆಂಗ್ಲ ವಿಜ್ಞಾನಿಯು ಕಿವಿಯಿಂದಲೇ ಮಂದಧ್ವನಿಯು ಹೊರಡುವುದನ್ನು ಕಂಡುಹಿಡಿದನು. ಅದನ್ನಾಧರಿಸಿದ ಶಿಶುಪರೀಕ್ಷೆಯು ಹೊರ ರೋಮಕೋಶಗಳ ಸ್ಥಿತಿಯನ್ನಷ್ಟೇ ತಿಳಿಸುವುದು. 1999ರಲ್ಲಿ ಗುರುತಿಸಲ್ಪಟ್ಟ ಆಟೋಫರ್ಲಿನ್ ಜೀನಿನ ದೋಷದಿಂದ ಒಳ ರೋಮಕೋಶದ ಸಂಧಿಯು ಕೆಟ್ಟಿದ್ದರೆ, ಕಿವುಡಾದ ಶಿಶುವೂ ಆ ಪರೀಕ್ಷೆಯಲ್ಲಿ ತೇರ್ಗಡೆಹೊಂದಬಹುದು. ಮೆದುಳುಕಾಂಡದ ವಿದ್ಯುತ್ಪ್ರತಿಕ್ರಿಯೆಯನ್ನು ಅಳೆದಾಗಲೇ ನಿಜವು ಹೊರಬೀಳುವುದು. ಅಂಥವರಿಗೆ ಕಾಕ್ಲಿಯರ್ ಇಂಪ್ಲಾಂಟ್ ಸಾಧನವು ಕೆಟ್ಟ ಸಂಧಿಯನ್ನು ಬಿಟ್ಟು ನರವನ್ನೇ ನೇರವಾಗಿ ಪ್ರಚೋದಿಸುವುದು.

ಮೈಸೂರಿನಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಕೃಷ್ಣರಾಜಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿಗೂ ತನ್ನ ಸೇವೆಯನ್ನು ವಿಸ್ತರಿಸಿತು. ಶ್ರೀರಂಗಪಟ್ಟಣ, ನಾಗಮಂಗಲಗಳ ಶಿಶುಗಳಿಗೂ ಇಂತಹ ಪರೀಕ್ಷೆಯು ಮೊದಲ ತಿಂಗಳುಗಳಲ್ಲಿಯೇ ದೊರೆಯಬೇಕಾದುದು ಅವಶ್ಯ. ಮಾತು ಕಿವಿಯಿಂದ ಕಲಿತು ಬರತಕ್ಕದ್ದು. ಆ ಎಡೆಯನ್ನು ಶಬ್ದವು ದಾಟದಿದ್ದರೆ ಶಿಶುವಿಗೆ ಮನೆಯ ನುಡಿಯೇ ತಲಪುವುದಿಲ್ಲ.