ಲಾಜಿಕ್ ಮ್ಯಾನ್ಯುಯಲ್ ಯಾರಿಗಾಗಿ? ಓಎಸ್/360 ಒಳರಚನೆಯ ಕಲಿಕೆಯ ಒಂದು ಆಕರ

ಓಎಸ್/360 ಕಾಲದ ಸಿಸ್ಟಮ್ಸ್ ಪ್ರೋಗ್ರಾಮರುಗಳ ತರಬೇತಿಯ ಬಗ್ಗೆ ಒಂದು ಅಭಿಪ್ರಾಯ ಪರಿಶೀಲನೆಯಿಲ್ಲದೆ ಬೇರೂರಿದೆ. ಆಪರೇಟಿಂಗ್ ಸಿಸ್ಟಮ್ಮಿನ ಒಳರಚನೆಯನ್ನು ಐಬಿಎಂ ತನ್ನ ಸಿಬ್ಬಂದಿಗಷ್ಟೇ ಕಲಿಸಿತು, ಗ್ರಾಹಕ ಸಂಸ್ಥೆಗಳವರಿಗೆ ಯಂತ್ರ ನಡೆಸುವಷ್ಟು ಮಾತ್ರ ಹೇಳಿಕೊಟ್ಟಿತು ಎಂಬುದು ಆ ಅಭಿಪ್ರಾಯ. ಇದಕ್ಕೆ ಆಧಾರವೆಂದು ತೋರಿಸುವುದು ಸಿಸ್ಟಮ್ಮಿನ ಒಳಗಿನ ಕೆಲಸವನ್ನು ವಿವರಿಸುವ ಐಬಿಎಂ ಕೈಪಿಡಿಗಳಾದ ಪ್ರೋಗ್ರಾಮ್ ಲಾಜಿಕ್ ಮ್ಯಾನ್ಯುಯಲ್‌ಗಳ ಆರಂಭದಲ್ಲಿರುವ ನಿರ್ಬಂಧದ ಸೂಚನೆಯನ್ನು. ಪುಸ್ತಕ ಕಂಪನಿಯವರ ಬಳಕೆಗೆ, ಸ್ಥಳೀಯ ಆಡಳಿತದ ಒಪ್ಪಿಗೆಯಿಲ್ಲದೆ ಹೊರಗಿನವರಿಗೆ ಕೊಡಕೂಡದು ಎಂಬುದು ಅದರ ತಾತ್ಪರ್ಯ.

ಸೂಚನೆ ಇರುವುದು ನಿಜ, ಆದರೆ ಅದು ಆರಂಭದ ಮುದ್ರಣಗಳ ಮಾತು. ಮುಂದಿನ ಮುದ್ರಣಗಳಲ್ಲಿ ಅದರ ಜಾಗಕ್ಕೆ ಬೇರೊಂದು ಪಾಠ ಬಂದಿದೆ: ಪ್ರೋಗ್ರಾಮಿನ ನಿರ್ವಹಣೆ ಮಾಡುವವರಿಗೆ ಮತ್ತು ಅದರ ವಿನ್ಯಾಸವನ್ನೇ ಬದಲಿಸುವ ಸಿಸ್ಟಮ್ಸ್ ಪ್ರೋಗ್ರಾಮರುಗಳಿಗೆ ಈ ಪುಸ್ತಕ. ಬರೀ ಬಳಸುವವರಿಗೆ ಇದರ ಅಗತ್ಯವಿಲ್ಲ ಎಂದೂ ಅಲ್ಲೇ ಸೇರಿಸಿದೆ. ಈ ಕೊನೆಯ ಮಾತನ್ನು ಹಿಡಿದು ನಿರ್ಬಂಧ ಮುಂದುವರಿಯಿತೆಂದು ವಾದಿಸುವವರಿದ್ದಾರೆ. ಆ ವಾಕ್ಯ ಗೆರೆ ಎಳೆದಿರುವುದು ಬಳಸುವವರ ಮತ್ತು ಬದಲಿಸುವವರ ನಡುವೆ. ಕಂಪನಿ, ಗ್ರಾಹಕ ಎಂಬ ಭೇದ ಅದರಲ್ಲಿಲ್ಲ. ಪಾಠಾಂತರಗಳನ್ನು ಎದುರುಬದುರು ಇಡದೆ ತೀರ್ಮಾನಕ್ಕೆ ಬರುವುದನ್ನು ಹಳಗನ್ನಡ ಗ್ರಂಥದ ವಿಷಯದಲ್ಲಿ ಯಾರೂ ಒಪ್ಪುವುದಿಲ್ಲ, ಇಲ್ಲೂ ಒಪ್ಪಬೇಕಾಗಿಲ್ಲ.

ಗ್ರಾಹಕರ ಕಡೆ ಬದಲಿಸುವವರು ಇದ್ದರೇ? ಎಸ್‌ವಿಸಿ ಸಂಖ್ಯೆಗಳನ್ನು ನೋಡಿದರೆ ಸಾಕು. 200ರಿಂದ 255ರವರೆಗಿನವನ್ನು ಆಯಾ ಸಂಸ್ಥೆಗಳು ತಾವೇ ಬರೆದುಕೊಳ್ಳುವ ಸೂಪರ್‌ವೈಸರ್ ಕಾಲ್‌ಗಳಿಗೆಂದು ಐಬಿಎಂ ಮೀಸಲಿಟ್ಟಿತ್ತು. ಒಳಗೆ ಕೈಯಿಡಬಾರದವರಿಗೆ ಯಾರೂ 56 ಸಂಖ್ಯೆ ಬಿಟ್ಟುಕೊಡುವುದಿಲ್ಲ. ಇದರ ಮೇಲೆ ಸೋರ್ಸ್ ಕೋಡ್ ಸಿಗುತ್ತಿತ್ತು; 1955ರಿಂದ ಇದ್ದ ಬಳಕೆದಾರರ ಸಂಘ 'ಶೇರ್' ಮೂಲಕ ತಿದ್ದುಪಡಿಗಳು ಸಂಸ್ಥೆಯಿಂದ ಸಂಸ್ಥೆಗೆ ಹೋಗುತ್ತಿದ್ದವು.

ನಿಜವಾದ ಪಾಠ ನಡೆಯುತ್ತಿದ್ದದ್ದು ಡಂಪ್, ಅಂದರೆ ಕೆಲಸ ನಿಂತಾಗಿನ ಮೆಮೊರಿಯ ಪ್ರತಿ, ಓದುವಾಗ. 0ಸಿ4 ಎಂಬ ಕೋಡಿನೊಂದಿಗೆ, ಅಂದರೆ ಸ್ಟೋರೇಜ್ ರಕ್ಷಣೆ ಮೀರಿದ್ದಕ್ಕೆ, ಕೆಲಸವೊಂದು ನಿಂತಿತೆನ್ನಿ. ಮೆಮೊರಿಯ 16ನೇ ವಿಳಾಸದಲ್ಲಿ ಕಮ್ಯುನಿಕೇಶನ್ ವೆಕ್ಟರ್ ಟೇಬಲ್ಲಿನ, ಅಂದರೆ ಸಿವಿಟಿಯ, ವಿಳಾಸ ಸಿಗುತ್ತದೆ. ಸಿವಿಟಿಯ ಮೊದಲ ಪದ ಒಂದು ಜೋಡಿ ಪದಗಳತ್ತ ಕಳಿಸುತ್ತದೆ. ಅವುಗಳಲ್ಲಿ ಎರಡನೆಯದು ಆಗ ಓಡುತ್ತಿದ್ದ ಟಾಸ್ಕಿನ ಕಂಟ್ರೋಲ್ ಬ್ಲಾಕನ್ನು, ಅಂದರೆ ಟಿಸಿಬಿಯನ್ನು, ತೋರಿಸುತ್ತದೆ. ಟಿಸಿಬಿಯ ಮೊದಲ ಪದದಿಂದ ರಿಕ್ವೆಸ್ಟ್ ಬ್ಲಾಕು, ಅದರೊಳಗೆ ಉಳಿಸಿಟ್ಟ ಪ್ರೋಗ್ರಾಮ್ ಸ್ಟೇಟಸ್ ವರ್ಡ್, ಅಂದರೆ ಪಿಎಸ್‌ಡಬ್ಲ್ಯೂ. ಕಂಟ್ರೋಲ್ ಬ್ಲಾಕುಗಳ ಆಕಾರ ಬೇರೊಂದು ಕೈಪಿಡಿಯಲ್ಲೂ ಇತ್ತು, ಒಪ್ಪುತ್ತೇನೆ. ಆದರೆ ಯಾವ ಮಾಡ್ಯೂಲು ಯಾವ ಘಟ್ಟದಲ್ಲಿ ಅವನ್ನು ತುಂಬುತ್ತದೆ, ಯಾವಾಗ ಬಿಚ್ಚುತ್ತದೆ ಎಂಬುದನ್ನು ವಿವರಿಸಿದ್ದು ಲಾಜಿಕ್ ಮ್ಯಾನ್ಯುಯಲ್. ಅದಿಲ್ಲದೆ ಡಂಪಿನಲ್ಲಿ ಸಿಗುವುದು ಬರೀ ಅಂಕಿಗಳು.

1969ರ ಜೂನ್ 23ರಂದು ಐಬಿಎಂ ತರಬೇತಿಗೂ ಸಿಸ್ಟಮ್ಸ್ ಎಂಜಿನಿಯರರ ಸೇವೆಗೂ ಬೇರೆಯಾಗಿ ಶುಲ್ಕ ಘೋಷಿಸಿತು. ಹಣ ತೆತ್ತು ತರಗತಿಗೆ ಕಳಿಸಬೇಕಾದ ಸಂಸ್ಥೆಗೆ ಕಪಾಟಿನಲ್ಲಿರುವ ಮ್ಯಾನ್ಯುಯಲ್‌ನ ಬೆಲೆ ಆಗ ಇನ್ನಷ್ಟು ತಿಳಿದಿರಬೇಕು ಎಂಬುದು ನನ್ನ ಊಹೆ. ಬಾಗಿಲು ಮುಚ್ಚಿದ ಮಾತು ಆಡುವುದಾದರೆ, ಸೋರ್ಸ್ ಕೊಡದೆ ಆಬ್ಜೆಕ್ಟ್ ಕೋಡ್ ಮಾತ್ರ ಕೊಡುವ ನೀತಿಯನ್ನು ಐಬಿಎಂ ಘೋಷಿಸಿದ 1983ರ ಬಗ್ಗೆ ಆಡಬೇಕು. ಆ ಮುಚ್ಚಿದ ಬಾಗಿಲನ್ನು 1960ರ ದಶಕದ ತಲೆಗೆ ಕಟ್ಟುವುದು ಕಾಲದೋಷ.

ಮುಂದೆ ಈ ಮ್ಯಾನ್ಯುಯಲ್‌ಗಳನ್ನು ಉಲ್ಲೇಖಿಸುವವರು ದಯವಿಟ್ಟು ಯಾವ ಮುದ್ರಣ ಎಂಬುದನ್ನೂ ನಮೂದಿಸಲಿ.